ಕೊಟ್ರೇಶ ಜೋಳಿಗೆಗೆ ಹಾಕಿದ್ದು

ಕೊಟ್ರೇಶ ಕುಡಿದವನಲ್ಲ. ಇದನ್ನು ಮೊದಲೇ ಹೇಳಿ ಮುಂದೆ ಹೋಗುತ್ತೇನೆ. ಮೋಟೆಬೆನ್ನೂರಿನಲ್ಲಿ ಯಾರನ್ನು ಕೇಳಿದರೂ ಬೇರೆಯದನ್ನೇ ಹೇಳುತ್ತಾರೆ, ಅದೂ ಪಕ್ಕದಲ್ಲಿ ಕೂತು ಗ್ಲಾಸು ತುಂಬಿಸಿಕೊಟ್ಟವರ ಹಾಗೆ.

ನನ್ನ ಹೆಸರು ನಿರ್ಮಲಾ. ಬ್ಯಾಡಗಿಯ ಒಂದು ಖಾಸಗಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಕಲಿಸುತ್ತೇನೆ. ಕೊಟ್ರೇಶ ಅದೇ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಇಬ್ಬರ ಊರೂ ಮೋಟೆಬೆನ್ನೂರೇ ಆದ್ದರಿಂದ ಬೆಳಿಗ್ಗೆ ಮೊದಲು ಹತ್ತುವವಳು ನಾನು, ಸಂಜೆ ಕೊನೆಗೆ ಇಳಿಯುವವಳು ನಾನು. ಹನ್ನೆರಡು ವರ್ಷ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ. ನನ್ನ ಮಾವನವರು ಕುಡಿಯುತ್ತಿದ್ದರು. ಏಲಕ್ಕಿ ಜಗಿದರೂ ಗುಟಕಾ ಹಾಕಿಕೊಂಡರೂ ಆ ವಾಸನೆ ನನ್ನ ಮೂಗಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಕೊಟ್ರೇಶನ ಕಡೆಯಿಂದ ಬಂದದ್ದು ಡೀಸೆಲ್ ವಾಸನೆ, ಹಣೆಗೆ ಹಚ್ಚಿದ ವಿಭೂತಿಯ ವಾಸನೆ, ಅಷ್ಟೇ.

ಡ್ರೈವರುಗಳಿಗೆ ಇರುವ ಠೇಂಕಾರ ಅವನಿಗಿರಲಿಲ್ಲ. ವ್ಯಾನ್ ಚಾಲೂ ಮಾಡುವ ಮೊದಲು ಒಂದು ಸುತ್ತು ಹಾಕಿ ನಾಲ್ಕೂ ಗಾಲಿಗಳನ್ನು ಅಂಗೈಯಿಂದ ತಟ್ಟುತ್ತಿದ್ದ. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹಿಂದಿನಿಂದ ಲಾರಿಯವರು ಎಷ್ಟು ಹಾರ್ನ್ ಬಾರಿಸಿದರೂ ಅವನ ವೇಗ ನಲವತ್ತು ದಾಟುತ್ತಿರಲಿಲ್ಲ. ನಾನೇ ಎಷ್ಟೋ ಸಲ, "ಏನಪಾ ಕೊಟ್ರೇಶ, ಎತ್ತಿನ ಗಾಡಿ ಹೂಡೀಯೇನು?" ಎಂದು ಕಾಡಿಸಿದ್ದೇನೆ. ಅವನು ನಕ್ಕು, "ಹಿಂದ ಮೂವತ್ತೊಂದು ಮಂದಿ ಅವ್ವಂದಿರ ಜೀವ ಐತ್ರೀ ಅಕ್ಕೋರ" ಎನ್ನುತ್ತಿದ್ದ. ಯಾವ ಮಗುವಿಗೆ ವ್ಯಾನಿನಲ್ಲಿ ವಾಂತಿಯಾಗುತ್ತದೆ, ಯಾವುದಕ್ಕೆ ನಾಯಿಯ ಭಯ, ಯಾರ ಮನೆಯಲ್ಲಿ ಬೆಳಿಗ್ಗೆ ಜಗಳವಾಗಿದೆ, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಮಕ್ಕಳು ಅವನನ್ನು ಮಾಮಾ ಎಂದೇ ಕರೆಯುತ್ತಿದ್ದವು.

ಅವನು ಕುಡಿಯದಿರುವುದಕ್ಕೆ ಒಂದು ಕಾರಣವೂ ಇತ್ತು. ಅವನ ಅಪ್ಪ ಕುಡಿದೇ ಸತ್ತವನು. ಕೊಟ್ರೇಶನಿಗೆ ಆಗ ಆರು ವರ್ಷ. ಅವನ ತಾಯಿ ಗದಿಗೆವ್ವ ಗಂಡನ ಹೆಣವನ್ನು ಎತ್ತಲು ಬಿಡದೆ, ಮಗನ ಪುಟ್ಟ ಕೈಯನ್ನು ಹಿಡಿದು ಹೆಣದ ಎದೆಯ ಮೇಲಿಟ್ಟು, ಜೀವಮಾನದಲ್ಲಿ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದ್ದಳಂತೆ. ಆರು ವರ್ಷದ ಮಗುವಿಗೆ ಅದೇನು ತಿಳಿದಿತ್ತೋ. ಆದರೆ ಕೂಲಿ ಮಾಡಿ ಅವನನ್ನು ಸಾಕಿದ ಆ ಹೆಂಗಸಿಗೆ ಬದುಕಿನಲ್ಲಿ ಗೆದ್ದದ್ದು ಅದೊಂದೇ. ಗಂಡನನ್ನು ಉಳಿಸಿಕೊಳ್ಳಲಾಗಲಿಲ್ಲ, ಮಗನನ್ನು ಉಳಿಸಿಕೊಂಡೆ ಎಂದು ಹೇಳಿಕೊಳ್ಳುತ್ತಿದ್ದಳು. ಯಾರು ಕೇಳಲಿ ಬಿಡಲಿ, ಹೇಳುತ್ತಿದ್ದಳು.

ಇಪ್ಪತ್ತೊಂದನೇ ಇಸವಿ, ದೀಪಾವಳಿ ಮುಗಿದು ಶಾಲೆ ಶುರುವಾದ ವಾರ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೊಟ್ರೇಶ ಬೇವಿನ ಮರದ ಕೆಳಗೆ ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿದ್ದ. ಮುಖ ಬೆವರಿ ಬಿಳಚಿಕೊಂಡಿತ್ತು.

"ಹೊಟ್ಟ್ಯಾಗಿಂದ ಬೆನ್ನಿಗೆ ಸಲಾಕಿ ಹಾಕಿ ತಿರುವಿದಂಗ ಆಗಾಕತ್ತೈತ್ರೀ ಅಕ್ಕೋರ" ಎಂದ.

ಪಿತ್ತವಿರಬೇಕು ಎಂದು ನಾನು ಸೋಡಾ ತರಿಸಿದೆ. ಅದನ್ನೂ ವಾಂತಿ ಮಾಡಿದ. ಅವನ ಹೆಂಡತಿ ಶೈಲಾಳನ್ನು ಕರೆಸಿ, ರಾಣೆಬೆನ್ನೂರಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಾಯಿತು. ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಗ್ರಂಥಿ ಅದು. ಅನ್ನ ಕರಗಿಸುವ ರಸವನ್ನು ಅದೇ ಮಾಡಿ ಕರುಳಿಗೆ ಬಿಡುತ್ತದೆ. ರಸ ಹೊರಗೆ ಹೋಗಲಾರದೆ ಒಳಗೇ ನಿಂತರೆ ಗ್ರಂಥಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಇದನ್ನೆಲ್ಲ ನಾನು ಎಂಟನೆಯ ತರಗತಿಗೆ ಹೇಳುತ್ತಲೇ ಬಂದವಳು.

ಡಾಕ್ಟರು ಕೇಳಿದ ಮೊದಲ ಮಾತು, "ದಿನಾ ಎಷ್ಟು ಕುಡೀತಿ?"

ಕುಡಿಯುತ್ತೀಯೇನು ಎಂದಲ್ಲ. ಎಷ್ಟು ಎಂದು.

"ಇಲ್ರೀ ಸಾಹೇಬ್ರ, ನಾ ಮುಟ್ಟಂಗಿಲ್ರಿ."

"ಇಲ್ಲಿ ಬಂದು ಮಲಗಿದವರೆಲ್ಲಾ ಹಂಗ ಅಂತಾರ. ಸುಳ್ಳ ಹೇಳಿದ್ರ ನನಗೇನು ಲುಕ್ಸಾನಿಲ್ಲ, ನಿನಗ ಐತಿ."

ಶೈಲಾ ಬಾಗಿಲ ಹತ್ತಿರ ನಿಂತಿದ್ದಳು. ಮಾತು ಕಡಿಮೆಯ ಹೆಂಗಸು. ಅವತ್ತು ಮುಂದೆ ಬಂದು, "ಹದಿನೈದು ವರ್ಷ ಬಾಳೇ ಮಾಡೇನ್ರಿ, ಬಾಯಿ ವಾಸನಿ ನನಗ ಗೊತ್ತಾಗಂಗಿಲ್ಲೇನ್ರಿ?" ಎಂದಳು. ಡಾಕ್ಟರು ನಕ್ಕು, "ಹೆಂಡ್ತಿ ಗಂಡನ್ನ ಬಿಟ್ಟು ಕೊಡ್ತಾಳೇನವಾ?" ಎಂದು ಪಕ್ಕದ ಹಾಸಿಗೆಗೆ ಹೋದರು. ಹರಳಿನಿಂದಲೂ ಈ ಊತ ಬರುತ್ತದೆ, ಆದರೆ ಅವನ ಪಿತ್ತಕೋಶದಲ್ಲಿ ಹರಳು ಇರಲಿಲ್ಲ. ಹರಳಿಲ್ಲ ಎಂದ ಮೇಲೆ ಕುಡಿತವೇ. ನಮ್ಮ ಕಡೆ ಲೆಕ್ಕ ಅಷ್ಟು ಸರಳ. ಡಿಸ್ಚಾರ್ಜ್ ಕಾರ್ಡಿನಲ್ಲಿ ಹಾಗೆಯೇ ಬರೆದರು.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಾನೂ ಊರಿನವರಷ್ಟೇ ಸುಳ್ಳಿ. ಆ ಕಾರ್ಡು ಓದಿದಾಗ ನನಗೂ ಒಂದು ಗಳಿಗೆ ಅನುಮಾನ ಬಂತು. ಮದ್ಯಪಾನದ ದುಷ್ಪರಿಣಾಮ ಎಂಬ ಪಾಠದಲ್ಲಿ ಯಕೃತ್ತಿನ ಕೆಳಗೆ ಮೇದೋಜೀರಕ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ ತಾನೇ. ಹನ್ನೆರಡು ವರ್ಷದ ಮೂಗಿಗಿಂತ ನನ್ನದೇ ಕೈಬರಹ ನನಗೆ ದೊಡ್ಡದಾಯಿತು.

ರಜೆ ಅರ್ಜಿಗೆ ಆ ಕಾರ್ಡಿನ ಝೆರಾಕ್ಸ್ ಲಗತ್ತಿಸಬೇಕಿತ್ತು, ಲಗತ್ತಿಸಿದ. ಆಫೀಸಿನಿಂದ ಅದು ಎರಡು ದಿನದಲ್ಲಿ ಪಾಲಕರ ವಾಟ್ಸಾಪ್ ಗುಂಪಿಗೆ ಹೋಯಿತು. ಕುಡುಕನ ಕೈಯಲ್ಲಿ ನಮ್ಮ ಮಕ್ಕಳೇ ಎಂದು ಶುರುವಾಯಿತು. ಸಂಜೆ ಮನೆಗೆ ಬಂದು ಕ್ವಾರ್ಟರ್ ಏರಿಸುವ ಅಪ್ಪಂದಿರೇ ಎಲ್ಲರಿಗಿಂತ ಜೋರಾಗಿ ಬರೆದರು. ಕೊಟ್ರೇಶನನ್ನು ವ್ಯಾನಿನಿಂದ ಇಳಿಸಿದರು.

ಅವನಿಗಾಗಿ ಹೊಡೆದಾಡಿದವಳು ಗದಿಗೆವ್ವ ಒಬ್ಬಳೇ. ನಲ್ಲಿಯ ಹತ್ತಿರ ಯಾರೋ ಏನೋ ಪಿಸುಗುಟ್ಟಿದರೆಂದು ಕೊಡ ಎತ್ತಿ ನೆಲಕ್ಕೆ ಕುಕ್ಕಿ, "ನನ್ನ ಮಗ ಮುಟ್ಟಿದ್ರ ನನ್ನ ನಾಲಗಿ ಕಿತ್ತು ನಿಮ್ಮ ಕೈಯಾಗ ಕೊಡ್ತೇನಿ! ಅವರಪ್ಪನ ಹೆಣದ ಮ್ಯಾಲ ಕೈ ಇಟ್ಟಾನ ಅವ!" ಎಂದು ಕೂಗಿದ್ದು ನನ್ನ ಮನೆಯವರೆಗೆ ಕೇಳಿಸಿತ್ತು. ಡಾಕ್ಟರನ್ನೂ ಬಿಡಲಿಲ್ಲ, ಪಾಲಕರನ್ನೂ ಬಿಡಲಿಲ್ಲ. ಊರೆಲ್ಲ ಒಂದು ಕಡೆ, ಅವಳೊಬ್ಬಳು ಒಂದು ಕಡೆ. ಕೊಟ್ರೇಶನಿಗೆ ಅಷ್ಟು ಸಾಕಾಗಿತ್ತು. "ಅವ್ವಗ ಗೊತ್ತೈತಲ್ರಿ" ಎಂದು ನನಗೆ ಹೇಳುತ್ತಿದ್ದ.

ನಮ್ಮ ಶಾಲೆಯ ಅಧ್ಯಕ್ಷರು ಪ್ರಭುಲಿಂಗಪ್ಪನವರು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದಲ್ಲಾಳಿ ಅಂಗಡಿ ಅವರದು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನು ಕೊಟ್ರೇಶನ ಪರವಾಗಿ ಮಾತಾಡಲು ಹೋದಾಗ ಕೂರಿಸಿ, ಚಹಾ ತರಿಸಿ, ಸಮಾಧಾನದಿಂದ ಹೇಳಿದರು.

"ನಾ ನಂಬತೇನಿ ಬಿಡ್ರಿ ಟೀಚರ. ಆದ್ರ ಪಾಲಕರು ನಂಬಬೇಕಲ್ಲ? ಕುಡದೇ ಇಲ್ಲ ಅಂದ್ರ ಯಾರೂ ನಂಬಂಗಿಲ್ಲ. ಕುಡೀತಿದ್ದೆ, ಬಿಟ್ಟೇನಿ ಅಂದ್ರ ಎಲ್ಲಾರೂ ನಂಬತಾರ. ಬರೂ ತಿಂಗಳ ಅಜ್ಜಾರು ಬರಾಕತ್ತಾರ. ಅವರ ಜೋಳಿಗಿಗೆ ಒಂದ್ ಮಾತು ಹಾಕಿಬಿಡ್ಲಿ. ಮರುದಿನ ವ್ಯಾನಿನ ಕೀಲಿ ನಾನ ಕೊಡ್ತೇನಿ."

ಅಜ್ಜಾರು ಎಂದರೆ ಮಠದ ಸ್ವಾಮಿಗಳು. ನಮ್ಮ ಕಡೆ ಕೆಲವು ಸ್ವಾಮಿಗಳು ಕಾವಿ ಜೋಳಿಗೆ ಹಿಡಿದು ಓಣಿ ಓಣಿ ಸುತ್ತುತ್ತಾರೆ. ಕಾಳು ಬೇಡುವುದಿಲ್ಲ, ದುಡ್ಡು ಬೇಡುವುದಿಲ್ಲ, ನಿಮ್ಮ ಚಟ ಬೇಡುತ್ತಾರೆ. ಬೀಡಿ ಸೇದುವವನು ಬೀಡಿ ಕಟ್ಟನ್ನು, ಗುಟಕಾದವನು ಚೀಟಿಯನ್ನು, ಕುಡಿಯುವವನು ಬಾಟಲಿಯನ್ನು ಅದರೊಳಗೆ ಹಾಕಿ, ಇನ್ನು ಮುಟ್ಟುವುದಿಲ್ಲ ಎಂದು ಎಲ್ಲರೆದುರು ಮಾತು ಕೊಡಬೇಕು. ಒಳ್ಳೆಯ ಪದ್ಧತಿ. ಎಷ್ಟೋ ಮನೆಗಳು ಅದರಿಂದ ನಿಂತಿವೆ. ಚಟ ಇದ್ದವನಿಗೆ ಅದು ಒಳ್ಳೆಯ ಪದ್ಧತಿ.

ನಾನೇ ಕೊಟ್ರೇಶನ ಮನೆಗೆ ಹೋದೆ. ಗದಿಗೆವ್ವ ಎಲ್ಲೋ ಹೊರಗೆ ಹೋಗಿದ್ದಳು.

"ಇಲ್ಲದ ಚಟಾ ಎಲ್ಲಿಂದ ತಂದು ಹಾಕ್ಲಿ ಅಕ್ಕೋರ?" ಎಂದ.

"ಒಂದ್ ಮಾತು ಕೊಟ್ರೇಶ. ಅಂದು ಮುಗಿಸಿಬಿಡು. ಮಂದಿ ಬಾಯಿ ಮುಚ್ಚತೈತಿ, ನಿನ್ನ ಕೆಲಸಾ ಉಳಿತೈತಿ."

"ಅಜ್ಜಾರ ಮುಂದ ಸುಳ್ಳು ಹೇಳಬೇಕೇನ್ರಿ?"

"ಇನ್ನ ಮುಟ್ಟಂಗಿಲ್ಲ ಅಂತೀಯಲ್ಲ, ಅದು ಖರೇನ ಐತಲ್ಲ" ಎಂದೆ. ಎಂಥ ಜಾಣೆ ನೋಡಿ ನಾನು. ಕೊನೆಗೆ ಅವನು ಆಗಲಿ ಎಂದ. ವ್ಯಾನ್ ಬಿಟ್ಟು ಅವನಿಗೆ ಬೇರೆ ಏನೂ ಗೊತ್ತಿರಲಿಲ್ಲ, ಬೇರೆ ಏನೂ ಬೇಕಿರಲಿಲ್ಲ.

ಸಂಕ್ರಾಂತಿ ಮುಗಿದ ವಾರ ಶಾಲೆಯ ಬಯಲಿನಲ್ಲಿ ಕಾರ್ಯಕ್ರಮ. ಪೆಂಡಾಲು, ಮೈಕು, ಮುಂದಿನ ಸಾಲಿನಲ್ಲಿ ಪಾಲಕರು. ಕೊಟ್ರೇಶನ ಸರದಿ ಹತ್ತಿರ ಬಂದಾಗ ಗೊತ್ತಾಯಿತು, ಜೋಳಿಗೆಗೆ ಹಾಕಲು ಅವನ ಕೈಯಲ್ಲಿ ಏನೂ ಇಲ್ಲ. ಬರಿಗೈಯಲ್ಲಿ ಹೋದರೆ ಮಂದಿ ನಂಬುವುದಿಲ್ಲವೆಂದು ಪ್ರಭುಲಿಂಗಪ್ಪನವರು ಗಾಬರಿಯಾದರು. ನಿವೃತ್ತಿಗೆ ಎರಡು ವರ್ಷ ಇದ್ದ ನಮ್ಮ ಜವಾನ ಚನ್ನೇಶ ಸೈಕಲ್ ಹತ್ತಿ ಹೋಗಿ, ವೈನ್ ಶಾಪಿನ ಹಿಂದಿನ ಗಟಾರದ ಬಾಯಿಯಿಂದ ಒಂದು ಖಾಲಿ ವಿಸ್ಕಿ ಪಾಕೀಟು ಆರಿಸಿ ತಂದ. ಕೊಟ್ರೇಶ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ. ಎರಡು ಸಲ ತೊಳೆದ. ಆಮೇಲೆ ಎರಡು ಬೆರಳಿನಲ್ಲಿ ಹಿಡಿದುಕೊಂಡು ವೇದಿಕೆ ಹತ್ತಿದ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವನ ಹಾಗಿದ್ದ.

"ಏನ್ ಹಾಕ್ತೀಯಪಾ ತಮ್ಮಾ?" ಸ್ವಾಮಿಗಳ ದನಿ ಮೆತ್ತಗಿತ್ತು.

"ಕುಡಿಯೂದನ್ನ ಹಾಕ್ತೇನ್ರೀ ಅಜ್ಜಾರ."

"ಇನ್ನ ಮ್ಯಾಲ ಮುಟ್ಟಂಗಿಲ್ಲಲ್ಲ?"

"ಮುಟ್ಟಂಗಿಲ್ರಿ."

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆಮೇಲೆ ಹೆಂಗಸರ ಸಾಲಿನ ಕಡೆ ನೋಡಿದೆ. ಗದಿಗೆವ್ವ ಬಂದಿದ್ದಳು. ಅಜ್ಜಾರ ಪಾದ ಮುಟ್ಟಿ ಹೋಗೋಣ ಎಂದು ಯಾರಿಗೂ ಹೇಳದೆ ಬ್ಯಾಡಗಿಗೆ ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದಳು. ಮಗನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವಳಿಗೆ ಮೊದಲೇ ತಿಳಿಸಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮನೆಯಲ್ಲಿ ಕೊಟ್ರೇಶ ಕಾಲು ಹಿಡಿದು ಹೇಳಿದನಂತೆ, ಕೆಲಸಕ್ಕಾಗಿ ಆಡಿದ ಮಾತವ್ವ, ಸುಳ್ಳು ಎಂದು. ಗದಿಗೆವ್ವ ಕಾಲು ಹಿಂದಕ್ಕೆಳೆದುಕೊಂಡಳಂತೆ.

"ಅಜ್ಜಾರ ಮುಂದ ಯಾರರ ಸುಳ್ಳು ಹೇಳ್ತಾರೇನೋ? ನನ್ನ ಮುಂದ ಹೇಳೀದಿ, ಇಷ್ಟ ದಿನಾ. ನಾ ಊರ ಮಂದಿ ಜೋಡಿ ಜಗಳಾಡಿದೆ ನಿನ್ನ ಸಲುವಾಗಿ."

ಅಷ್ಟೇ. ಅವತ್ತಿನಿಂದ ಮಗನೊಂದಿಗೆ ಮಾತು ಬಿಟ್ಟಳು. ಒಂದೇ ಸೂರು, ಒಂದೇ ಒಲೆ. ಏನಾದರೂ ಹೇಳುವುದಿದ್ದರೆ ಶೈಲಾಳ ಕಡೆ ತಿರುಗಿ "ಅವಗ ಹೇಳು" ಎನ್ನುವಳು. ನಾನು ಹೋಗಿ ಹೇಳಿದೆ, ತಪ್ಪು ನನ್ನದು, ನಾನೇ ಹೇಳಿಸಿದ್ದು ಎಂದು. "ಅಕ್ಕೋರ, ಅವನ ಮ್ಯಾಲ ನಿಮಗ ಕರುಣಾ ಐತಿ, ಅದಕ್ಕ ಹಂಗ ಅಂತೀರಿ" ಎಂದು ನನ್ನ ಕೈಗೆ ಚಹಾದ ಕಪ್ಪು ಕೊಟ್ಟಳು.

ಊರಿನವರು ಮಾತ್ರ ಖುಷಿಯಾದರು. ಕೀಲಿ ಮರಳಿ ಬಂತು. ಪ್ರಾರ್ಥನೆಯ ಹೊತ್ತಿಗೆ ಪ್ರಭುಲಿಂಗಪ್ಪನವರು ಅವನ ಭುಜದ ಮೇಲೆ ಕೈಯಿಟ್ಟು, ಮನಸ್ಸು ಮಾಡಿದರೆ ಮನುಷ್ಯ ಹೇಗೆ ಬದಲಾಗುತ್ತಾನೆ ನೋಡಿ ಎಂದು ಮಕ್ಕಳಿಗೆ ತೋರಿಸಿದರು. ತಪ್ಪು ಮಾಡಿ ತಿದ್ದಿಕೊಂಡವನಿಗೆ ನಮ್ಮಲ್ಲಿ ಹಾರ ಉಂಟು, ಶಾಲು ಉಂಟು. ತಪ್ಪೇ ಮಾಡದವನನ್ನು ಎಲ್ಲಿ ಕೂರಿಸಬೇಕೋ ಯಾರಿಗೂ ತಿಳಿಯದು.

ಎಂಟು ತಿಂಗಳಿಗೆ ಹೊಟ್ಟೆನೋವು ಎರಡನೆಯ ಸಲ ಬಂತು. ಬೆಳಿಗ್ಗೆ, ವ್ಯಾನಿನ ತುಂಬ ಮಕ್ಕಳು. ಸರ್ವಿಸ್ ರಸ್ತೆಯಲ್ಲಿ ಇದ್ದಕ್ಕಿದ್ದ ಹಾಗೆ ವ್ಯಾನನ್ನು ಬದಿಗೆ ತೆಗೆದು, ಬ್ರೇಕ್ ಎಳೆದು, ಕೀಲಿ ತೆಗೆದು ನನ್ನ ಕೈಗೆ ಕೊಟ್ಟ. "ಮಕ್ಕಳನ್ನ ಇಳಿಸಬ್ಯಾಡ್ರಿ, ರೋಡ್ ಐತಿ" ಎಂದು ಹೇಳಿ ಕೆಳಗಿಳಿದು ಗಾಲಿಗೆ ಒರಗಿ ವಾಂತಿ ಮಾಡಿಕೊಂಡ. ಅಂಥ ನೋವಿನಲ್ಲೂ ಕೀಲಿ ತೆಗೆದವನು. ಒಂದು ಮಗುವಿಗೂ ಗೀರು ತಾಗಲಿಲ್ಲ. ಆದರೆ ದಾರಿಯಲ್ಲಿ ಹೋಗುವವನೊಬ್ಬ ಮೊಬೈಲ್ ಹಿಡಿದು ನಿಂತಿದ್ದ. ವಾಂತಿ ಮಾಡಿಕೊಳ್ಳುವ ಸ್ಕೂಲ್ ವ್ಯಾನ್ ಡ್ರೈವರ್, ಹಿಂದೆ ಕಿಟಕಿಯಲ್ಲಿ ಮಕ್ಕಳ ಮುಖ. ಮಧ್ಯಾಹ್ನದೊಳಗೆ ಹಾವೇರಿ ಜಿಲ್ಲೆಯೆಲ್ಲ ನೋಡಿತ್ತು.

ಈ ಸಲ ಕುಡುಕ ಎನ್ನಲಿಲ್ಲ. ಅಜ್ಜಾರಿಗೆ ಮಾತು ಕೊಟ್ಟು ತಪ್ಪಿದವನು ಎಂದರು. ಅದು ದೊಡ್ಡದು. ಕುಡುಕನಿಗೆ ಚಹಾ ಕೊಡುವ ಅಂಗಡಿಯವನೂ ಇವನಿಗೆ ಕೊಡಲಿಲ್ಲ. ಕೆಲಸ ಹೋಯಿತು, ಈ ಸಲ ಯಾವ ಜೋಳಿಗೆಯೂ ಉಳಿದಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದಾದದ್ದು ದವಾಖಾನೆಯಲ್ಲಿ. ಹೊತ್ತುಕೊಂಡು ಹೋದ ಊರ ಮಂದಿಯೇ ಡಾಕ್ಟರಿಗೆ ಹೇಳಿದ್ದರು, ಬಿಟ್ಟಿದ್ದ, ಮತ್ತೆ ಶುರು ಮಾಡಿದ್ದಾನೆ ಎಂದು. ಡಾಕ್ಟರು ಹಳೆಯ ಕಾಗದ ನೋಡಿದರು. ಹೊಸ ಕಾಗದದಲ್ಲಿ, ರೋಗಿ ಸಾರ್ವಜನಿಕವಾಗಿ ಕುಡಿತ ಒಪ್ಪಿಕೊಂಡಿದ್ದಾನೆ, ಮತ್ತೆ ಆರಂಭಿಸಿದ್ದಾನೆ ಎಂದು ಬರೆದರು. ಅಲ್ಲಿಗೆ ಹುಡುಕುವುದು ಮುಗಿಯಿತು. ಮೂರನೆಯ ಸಲ, ನಾಲ್ಕನೆಯ ಸಲ, ಐದನೆಯ ಸಲ ಹೋದಾಗಲೂ ಆ ಕಾಗದ ಅವನಿಗಿಂತ ಮುಂದೆ ಹೋಗಿ ಮೇಜಿನ ಮೇಲೆ ಕೂತಿರುತ್ತಿತ್ತು. ಸಲೈನ್ ಹಚ್ಚುವುದು, ನೋವಿನ ಇಂಜೆಕ್ಷನ್ ಕೊಡುವುದು, ಕುಡಿಯಬೇಡ ಎಂದು ಗದರಿಸಿ ಕಳಿಸುವುದು. ಬೇರೆ ಕಾರಣ ಇರಬಹುದೇ ಎಂದು ಯಾರೂ ಒಳಗೆ ನೋಡಲಿಲ್ಲ. ಬಾಯಿ ಬಿಟ್ಟು ಒಪ್ಪಿಕೊಂಡವನ ಒಳಗೆ ನೋಡುವುದೇನಿದೆ? ಮೂರು ವರ್ಷದಲ್ಲಿ ಕೊಟ್ರೇಶ ಅರ್ಧಕ್ಕರ್ಧ ಇಳಿದ. ಸಕ್ಕರೆ ಕಾಯಿಲೆ ಬಂತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಕಳೆದ ವರ್ಷ ಶೈಲಾ ನನ್ನ ಮನೆಗೆ ಬಂದು ನಿಂತಳು. "ಅಕ್ಕೋರ, ಈ ಕಾಗದಾ ಇಲ್ಲದ ದವಾಖಾನಿ ಎಲ್ಲ್ಯರ ಐತೇನು?" ಎಂದು ಕೇಳಿದಳು. ಇಷ್ಟು ವರ್ಷ ನನಗೆ ಹೊಳೆಯದ್ದು ಆಕೆಗೆ ಹೊಳೆದಿತ್ತು. ಹಳೆಯ ಫೈಲನ್ನು ಮನೆಯಲ್ಲೇ ಬಿಟ್ಟು ಮೂವರೂ ಹುಬ್ಬಳ್ಳಿಗೆ ಹೋದೆವು. ಅಲ್ಲಿದ್ದದ್ದು ಒಬ್ಬ ಡಾಕ್ಟರಮ್ಮ. ಕುಡೀತಾರೇನು ಎಂದು ಕೇಳಿದರು, ಇಲ್ಲ ಎಂದಾಗ ಶೈಲಾಳ ಮುಖ ನೋಡಿದರು. ಆಮೇಲೆ ಅದನ್ನು ಮತ್ತೆ ಕೇಳಲಿಲ್ಲ. ರಕ್ತದಲ್ಲಿ ಕೊಬ್ಬು ನೋಡಿದರು, ಸುಣ್ಣದ ಅಂಶ ನೋಡಿದರು, ಕೊನೆಗೆ ಹೊಟ್ಟೆಯ ನಾಳಗಳನ್ನು ತೋರಿಸುವ ಎಂಆರ್‌ಐ ಮಾಡಿಸಿದರು.

ಮರುದಿನ ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ತಾಯಿಯ ಹೊಟ್ಟೆಯಲ್ಲಿದ್ದಾಗ ಈ ಗ್ರಂಥಿ ಎರಡು ತುಂಡಾಗಿ ಹುಟ್ಟುತ್ತದಂತೆ, ಒಂದು ಮುಂದೆ, ಒಂದು ಹಿಂದೆ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ತುಂಡು ಸುತ್ತಿಕೊಂಡು ಬಂದು ಇನ್ನೊಂದಕ್ಕೆ ಕೂಡುತ್ತದೆ, ಎರಡರ ನಾಳಗಳೂ ಸೇರಿ ದೊಡ್ಡ ಬಾಯಿಯಿಂದ ರಸ ಕರುಳಿಗೆ ಬೀಳುತ್ತದೆ. ಕೊಟ್ರೇಶನಲ್ಲಿ ತುಂಡುಗಳು ಕೂಡಿದ್ದವು, ನಾಳಗಳು ಕೂಡಿರಲಿಲ್ಲ. ಹೆಚ್ಚುಕಡಿಮೆ ಎಲ್ಲ ರಸವೂ ಒಂದು ಸಣ್ಣ ಬಾಯಿಯಿಂದಲೇ ಹೋಗಬೇಕಿತ್ತು. ಹೊರಗೆ ಹೋಗಲಾರದೆ ನಿಂತಾಗ ಉರಿ. ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಆ ಗ್ರಂಥಿಯೊಳಗೆ ಒಂದೇ ಗೆರೆ ಎಳೆದು ನಾಳ ಎಂದು ಬರೆದವಳು ನಾನು. ಎರಡು ಇರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರಮ್ಮ ಪ್ರಾಮಾಣಿಕರು. "ಇಂಥ ನಾಳ ನೂರಕ್ಕೆ ಐದು, ಹತ್ತು ಮಂದಿಗೆ ಇರ್ತದ. ಹೆಚ್ಚಿನವರಿಗೆ ಸಾಯೋತನಕ ಏನೂ ಆಗೂದಿಲ್ಲ. ಇದೊಂದ ಕಾರಣ ಅಂತ ನಾ ಆಣಿ ಮಾಡಿ ಹೇಳೂದಿಲ್ಲ. ಇವರಿಗೆ ಬ್ಯಾರೆ ಯಾವ ಕಾರಣನೂ ಸಿಗಲಿಲ್ಲ, ಇದು ಸಿಕ್ಕದ" ಎಂದರು. ಕುಡಿದಿಲ್ಲ ಎಂದು ಬರೆದುಕೊಡಿ ಎಂದು ನಾನು ಕೇಳಿದೆ. ಕುಡಿದಿಲ್ಲ ಎಂಬುದನ್ನು ಯಾವ ಯಂತ್ರವೂ ತೋರಿಸುವುದಿಲ್ಲ ಎಂದರು. ಬಾಯಿಯಿಂದ ಕೊಳವೆ ಇಳಿಸಿ ಆ ಸಣ್ಣ ಬಾಯಿಯನ್ನು ಅಗಲ ಮಾಡಿ ನೋಡುತ್ತೇನೆ, ಕೆಲವರಿಗೆ ಗುಣ ಸಿಗುತ್ತದೆ, ಆದರೆ ಗ್ರಂಥಿ ಈಗಾಗಲೇ ಒಣಗಿ ಕಲ್ಲು ಕಟ್ಟಿದೆ, ಮೂರು ವರ್ಷ ಮೊದಲು ಬಂದಿದ್ದರೆ ಚೆನ್ನಾಗಿತ್ತು ಎಂದರು. ನಾನು ತಲೆ ತಗ್ಗಿಸಿದೆ.

ರಿಪೋರ್ಟು ಹಿಡಿದು ನಾನೂ ಕೊಟ್ರೇಶನೂ ಮೊದಲು ಹೋದದ್ದು ಪ್ರಭುಲಿಂಗಪ್ಪನವರ ಹತ್ತಿರ. ಕನ್ನಡಕ ಹಾಕಿಕೊಂಡು ಓದಿದರು, ನಾನು ಬಿಡಿಸಿ ಹೇಳಿದೆ. ಎಲ್ಲ ಕೇಳಿ, ಕೊಟ್ರೇಶನ ಕಡೆ ತಿರುಗಿದರು.

"ಹಂಗಾದ್ರ ಅವತ್ತು ಅಜ್ಜಾರ ಮುಂದ ಸುಳ್ಳು ಹೇಳಿದೇನು?"

ನೀವೇ ಹೇಳಿಸಿದ್ದಲ್ಲವೇ ಎಂದು ನಾನು ಕಿರುಚಿದೆ. ಅವರಿಗೆ ನಿಜವಾಗಿ ನೆನಪಿರಲಿಲ್ಲ. "ನಾ ಕೆಲಸಾ ಉಳೀಲಿ ಅಂತ ಚಲೋದ ಹೇಳಿರಬೇಕ್ರಿ. ಆದ್ರ ಅಷ್ಟು ಮಂದಿ ಮುಂದ, ಅಜ್ಜಾರ ಮುಂದ ಸುಳ್ಳು ಆಡಿದಾಂವನ ಕೈಯಾಗ ಮಕ್ಕಳನ್ನ ಹೆಂಗ ಕೊಡೂದು?" ಎಂದರು. ಕುಡುಕನಾದರೂ ಇಲ್ಲ, ಕುಡಿಯದಿದ್ದರೂ ಇಲ್ಲ. ಕೊಟ್ರೇಶ ನನ್ನ ಕೈಯಿಂದ ರಿಪೋರ್ಟು ತೆಗೆದುಕೊಂಡ.

"ಬಿಡ್ರೀ ಅಕ್ಕೋರ. ಇವರಿಗಲ್ಲ ನನಗ ಬೇಕಾಗಿದ್ದು. ಅವ್ವಗ ಒಂದ್ ಸಲ ಓದಿ ಹೇಳ್ರಿ."

ಓದಿ ಹೇಳಿದೆ. ಅದೂ ಎಂಥ ಹುಮ್ಮಸ್ಸಿನಿಂದ! ಸ್ಲೇಟು ತರಿಸಿ, ಎರಡು ತುಂಡು ಬರೆದು, ನಾಳ ಬರೆದು, ಎಂಟನೆಯ ತರಗತಿಗೆ ಹೇಳುವ ಹಾಗೆ ಹೇಳಿದೆ. ಇದು ಕುಡಿದು ಬಂದದ್ದಲ್ಲ, ಹುಟ್ಟುವ ಮೊದಲೇ, ಎರಡನೆಯ ತಿಂಗಳಿನಲ್ಲಿ ಆದದ್ದು ಎಂದು ಒತ್ತಿ ಒತ್ತಿ ಹೇಳಿದೆ. ಗದಿಗೆವ್ವ ಸ್ಲೇಟನ್ನು ನೋಡಿದಳು. ಆಮೇಲೆ ಎದ್ದು ಬಂದು ಮಗನ ಗಲ್ಲ ಹಿಡಿದಳು.

"ಕೊಟ್ರಾ" ಎಂದಳು. ಮೂರೂವರೆ ವರ್ಷದ ಮೇಲೆ ಆಡಿದ ಮಾತು. ಕೊಟ್ರೇಶ ಚಿಕ್ಕವನ ಹಾಗೆ ಅತ್ತ. ಶೈಲಾ ಅತ್ತಳು, ನಾನೂ ಅತ್ತೆ. ಎಲ್ಲ ಸರಿಯಾಯಿತು ಎಂದುಕೊಂಡು ಮನೆಗೆ ಬಂದೆ.

ಮೂರನೆಯ ದಿನ ಶೈಲಾ ಕರೆಯಲು ಬಂದಳು. ಅತ್ತೆ ಎರಡು ದಿನದಿಂದ ಅನ್ನ ಮುಟ್ಟಿಲ್ಲ ಎಂದಳು. ಹೋದೆ. ನಡು ಮಧ್ಯಾಹ್ನ, ಗದಿಗೆವ್ವ ಗೋಡೆಗೆ ಒರಗಿ ತನ್ನ ಎರಡೂ ಕೈಗಳನ್ನು ನೋಡುತ್ತ ಕೂತಿದ್ದಳು. ಕೊಟ್ರೇಶ ಎದುರಿಗಿದ್ದ.

"ಅಕ್ಕೋರ, ಎರಡನೇ ತಿಂಗಳಂದ್ರಿ ಅಲ್ಲ?" ಎಂದಳು. "ಗಣಪತಿ ಹಬ್ಬದ ಮುಂದ ಹುಟ್ಟ್ಯಾನ ಇವ. ಎಣಿಸಿ ನೋಡಿದೆ. ಶಿವರಾತ್ರಿ ಅಮಾಸಿ. ಆ ವರ್ಷ ಗ್ರಹಣ ಹಿಡದು ಹಗಲ ಕತ್ತಲಿ ಆಗಿತ್ತು ನೋಡ್ರಿ, ಊರಿಗೆ ಊರ ಬಾಗಲಾ ಹಾಕ್ಕೊಂಡಿತ್ತು. ಬಸರಿ ಹೆಂಗಸು ಏನೂ ಮುರೀಬಾರದು, ಏನೂ ಹೆಚ್ಚಬಾರದು, ಮಲಕೋ ಅಂತ ಅತ್ತಿ ಹೇಳಿದ್ಳು. ಮನ್ಯಾಗ ಪೇಟಿಯಿಂದ ತಂದ ಎರಡ ಚೀಲ ಮೆಣಸಿನಕಾಯಿ ಇದ್ವು. ಸಂಜಿಗೆ ತೊಟ್ಟು ತಗದು ಮುಟ್ಟಿಸಬೇಕಿತ್ತು. ನಾ ಕತ್ತಲ್ಯಾಗ ಕುಂತು ತೊಟ್ಟು ಮುರದೆ. ಎರಡ ಚೀಲ ಮುರದೆ. ಒಳಗ ಇವನ ನಾಳಾ ಮುರದೈತಿ."

ರಿಪೋರ್ಟು ಇಸಿದುಕೊಂಡು ತೊಡೆಯ ಮೇಲೆ ಹರಡಿ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಸೂರ್ಯ, ಚಂದ್ರ, ನೆರಳು ಎಂದು ಹೇಳಿದೆ. ಗ್ರಹಣ ಕಾಣದ ಊರುಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತವೆ ಎಂದೆ. ಆಕೆ ನನ್ನನ್ನು ತಡೆದಳು.

"ನೀವ ಬರದು ತೋರಿಸೀರಿ. ಹೊಟ್ಟ್ಯಾಗಿದ್ದಾಗನ ಆಗೈತಿ ಅಂತ ನೀವ ಅಂದೀರಿ. ಅವನ ಕೆಲಸಾ ಹೋತು, ಮೈ ಹೋತು, ಮರ್ಯಾದಿ ಹೋತು. ಮೂರ ವರ್ಷ ಮಾತ ಬಿಟ್ಟು ಕುಂತೆ, ಮಾಡಿದಾಕಿ ನಾನ. ಈ ಕೈಲೆ ಹೆಂಗ ಉಣ್ಲಿ?"

ಕೊಟ್ರೇಶ ತಾಯಿಯ ಕೈಗಳನ್ನು ನೋಡಿದ. ಆಮೇಲೆ ನೆಲ ನೋಡುತ್ತ ಹೇಳಿದ.

"ಅವ್ವಾ, ಅದೆಲ್ಲಾ ಸುಳ್ಳು. ನಾ ಕುಡೀತಿದ್ನಿ."

ಶೈಲಾ "ಏನ್ರೀ" ಎಂದು ಬಾಯಿ ತೆರೆದಳು. ಅವನು ಕಣ್ಣೆತ್ತಿ ನೋಡಿದ, ಸುಮ್ಮನಾದಳು.

"ಖರೇನ?" ಎಂದಳು ಗದಿಗೆವ್ವ.

"ಖರೇವ. ಹೈಸ್ಕೂಲ ಬಿಟ್ಟಾಗಿಂದ. ಹೊರಗ ಕುಡದು ಬರ್ತಿದ್ನಿ. ಈ ಕಾಗದಾನೂ ನಾನ ಹೇಳಿ ಬರಸೇನಿ, ನೀ ಮಾತಾಡ್ಲಿ ಅಂತ. ನಿನ್ನ ಹೊಟ್ಟ್ಯಾಗ ನಾ ಚಲೋನ ಇದ್ನಿ."

ಗದಿಗೆವ್ವ ನನ್ನ ಕಡೆ ತಿರುಗಿದಳು. "ಅಕ್ಕೋರ, ಹೌದೇನ್ರಿ?"

ರಿಪೋರ್ಟು ನನ್ನ ತೊಡೆಯ ಮೇಲೇ ಇತ್ತು. ಕೊಟ್ರೇಶ ನನ್ನನ್ನು ನೋಡಲೂ ಇಲ್ಲ, ಬೇಡಿಕೊಳ್ಳಲೂ ಇಲ್ಲ.

"ಹೌದ್ರಿ" ಎಂದೆ.

ಆಕೆಯ ಭುಜ ಕೆಳಗಿಳಿಯಿತು. "ಅಪ್ಪನ ಮಗನ ಆದೆಲ್ಲೋ" ಎಂದು ಒಂದು ಮಾತು ಅಂದು, ಸೆರಗಿನಿಂದ ಮುಖ ಒರೆಸಿಕೊಂಡು ಶೈಲಾಳ ಕಡೆ ತಿರುಗಿದಳು. ಶೈಲಾ ರೊಟ್ಟಿ, ಬೇಳೆ ತಂದಿಟ್ಟಳು. ಗದಿಗೆವ್ವ ಉಂಡಳು, ಎರಡನೆಯ ರೊಟ್ಟಿಯನ್ನೂ ಕೇಳಿ ಹಾಕಿಸಿಕೊಂಡಳು. ಅವತ್ತಿನಿಂದ ಇವತ್ತಿನವರೆಗೆ ಮಗನೊಂದಿಗೆ ಮಾತಾಡಿಲ್ಲ.